ನಡುಗಡಲಲ್ಲ, ದಡವೇ ಹೆದರಿಸಿದ್ದು

ಕೊಚ್ಚಿಯಿಂದ ಮಾಲ್ಡೀವ್ಸ್‌ಗೆ ಹಾಯಿದೋಣಿಯಲ್ಲಿ ಹೋದ ಮೇಲೆ ದಾವಣಗೆರೆಯಲ್ಲಿ ಯಾರು ಸಿಕ್ಕರೂ ಮೊದಲು ಕೇಳುವುದು ಒಂದೇ ಮಾತು: "ಸುತ್ತ ಎಲ್ಲೂ ನೆಲ ಕಾಣದ ಜಾಗದಾಗೆ ಹೆದರಿಕೆ ಆಗ್ಲಿಲ್ವಾ?" ಇಲ್ಲ. ನೆಲ ಕಾಣದಿದ್ದಾಗ ನಾನು ಆರಾಮಾಗಿದ್ದೆ. ಎದೆ ಹೊಡೆದುಕೊಂಡಿದ್ದು ಕೊಚ್ಚಿ ಬಂದರಿನ ಹೊರಗೆ ಮೀನುಬಲೆಗಳ ನಡುವೆ, ಆಮೇಲೆ ದೊಡ್ಡ ಹಡಗುಗಳು ಸಾಲುಗಟ್ಟುವ ದಾರಿಯಲ್ಲಿ, ಕೊನೆಗೆ ಮಾಲ್ಡೀವ್ಸ್‌ನ ಉಲಿಗಮು ದ್ವೀಪದ ಮುಂದೆ, ನೀರೊಳಗೆ ಹವಳದ ಬಂಡೆ ಬರಿಗಣ್ಣಿಗೆ ಕಂಡಾಗ. ಇದನ್ನು ಬಾಯಲ್ಲಿ ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನದು ಪಿ.ಬಿ. ರಸ್ತೆ ಕಡೆ ಡೀಸೆಲ್ ಪಂಪು, ನಾಝಲ್ ರಿಪೇರಿ ಅಂಗಡಿ. ಟ್ರ್ಯಾಕ್ಟರ್, ಜನರೇಟರ್, ಬೋರ್‌ವೆಲ್ ಲಾರಿಯ ಕಂಪ್ರೆಸರ್, ಇಂಥವೇ ನಮ್ಮ ಗಿರಾಕಿಗಳು. ಅವ್ವನ ತವರು ಹಿರಿಯೂರು. ನಾನು ಕಂಡ ದೊಡ್ಡ ನೀರೆಂದರೆ ಈ ಕಡೆ ಸೂಳೆಕೆರೆ, ಆ ಕಡೆ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದಿದ್ದ ಆ ಮಾರಿಕಣಿವೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆವತ್ತು ನೋಡಲು ಹೋದ ಜನಜಾತ್ರೆಯಲ್ಲಿ ನಾನೂ ಇದ್ದೆ. ಅಂಥವನು ಕಡಲಿಗೆ ಹೋಗುತ್ತೇನೆ ಅಂದಾಗ ಅವ್ವ ಹೇಳಿದ್ದು, "ಬಾವಿ ಇಣುಕಿದ್ರೆ ತಲೆ ತಿರುಗೋನು ನೀನು."

ಕಡಲು ನನ್ನನ್ನು ಹುಡುಕಿಕೊಂಡು ಬಂದದ್ದು ಒಂದು ಪುಟ್ಟ ಇಂಜೆಕ್ಷನ್ ಪಂಪಿನ ರೂಪದಲ್ಲಿ. ಹರಿಹರದವರೊಬ್ಬರು ಅದನ್ನು ಚೀಲದಲ್ಲಿ ಸುತ್ತಿ ತಂದು ಟೇಬಲ್ ಮೇಲಿಟ್ಟರು. ಯಾವ ಗಾಡಿದು ಅಂದೆ. ಗಾಡಿಯದಲ್ಲ, ದೋಣಿಯದು, ಕೊಚ್ಚಿಯಲ್ಲಿರುವ ತಮ್ಮ ಬೀಗರ ಹಾಯಿದೋಣಿಯದು ಅಂದರು. ಆ ಬೀಗರು ಕಾರವಾರದವರು, ಸರಕು ಹಡಗುಗಳಲ್ಲಿ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಪಂಪು ಸರಿಮಾಡಿ ಕಳಿಸಿದೆ. ಕೆಲವು ತಿಂಗಳ ಮೇಲೆ ಅವರಿಂದಲೇ ಫೋನ್ ಬಂತು: "ಮೇಸ್ತ್ರೀ, ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು. ಕೊಚ್ಚಿಗೆ ಬರ್ತೀರಾ?" ಹೋದೆ. ಬೋಳ್ಗಾಟ್ಟಿ ದ್ವೀಪದ ಮರೀನಾದಲ್ಲಿ ದೋಣಿ ಕಟ್ಟಿತ್ತು. ಮೂವತ್ತಾರು ಅಡಿ ಉದ್ದ, ಫೈಬರ್ ಮೈ, ಹಾಯಿ ಕಟ್ಟಲು ಒಂದೇ ಕೂವೆಮರ, ಹೊಟ್ಟೆಯಲ್ಲಿ ಮೂರು ಸಿಲಿಂಡರಿನ ಸುಮಾರು ಮೂವತ್ತು ಎಚ್‌ಪಿ ಡೀಸೆಲ್ ಇಂಜಿನ್. ಇಂಜಿನ್ ಕೆಲಸ ಮುಗಿಯುವ ಹೊತ್ತಿಗೆ ನಾನು ಹಾಯಿ ಏರಿಸುವುದು, ಇಳಿಸುವುದು, ಚುಕ್ಕಾಣಿ ಹಿಡಿಯುವುದು ಕಲಿಯತೊಡಗಿದ್ದೆ. ಆಮೇಲೆ ಅಂಗಡಿಗೆ ರಜೆ ಸಿಕ್ಕಾಗಲೆಲ್ಲ ಅದೇ ದಾರಿ. ಹಗಲಿನ ಓಡಾಟ, ರಾತ್ರಿಯ ಓಡಾಟ, ಕರಾವಳಿಗುಂಟ ಕಲ್ಲಿಕೋಟೆ ಹತ್ತಿರದ ಬೇಪೂರಿನವರೆಗೆ ಒಂದು ಸವಾರಿ. ಮಾಲ್ಡೀವ್ಸ್ ಮಾತು ಬಂದದ್ದು ಇದೆಲ್ಲ ಆದ ಮೇಲೆ. ಮೂರು ಜನ ಹೊರಡುವುದೆಂದಾಯಿತು: ಕ್ಯಾಪ್ಟನ್, ನಾನು, ಮತ್ತು ಕೊಚ್ಚಿ ಪಕ್ಕದ ವೈಪಿನ್‌ನ ಮೀನುಗಾರರ ಮನೆಯ ಹುಡುಗನೊಬ್ಬ.

ದಾರಿಯ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಕೊಚ್ಚಿ ಹತ್ತಿರ ಹತ್ತಿರ 10 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಉಲಿಗಮು 7 ಡಿಗ್ರಿಯಲ್ಲಿ. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲು, ನಮ್ಮ ಲೆಕ್ಕದಲ್ಲಿ 1.852 ಕಿಲೋಮೀಟರ್. ದಕ್ಷಿಣಕ್ಕೆ ಸುಮಾರು 175 ಮೈಲು, ಪಶ್ಚಿಮಕ್ಕೆ ಸುಮಾರು 200. ನೇರ ಗೆರೆ ಎಳೆದರೆ ನೈಋತ್ಯಕ್ಕೆ 260 ನಾಟಿಕಲ್ ಮೈಲು ಚಿಲ್ಲರೆ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬಂದಷ್ಟೂ ಆಗುವುದಿಲ್ಲ. ಆದರೆ ಇಂಥ ದೋಣಿಯ ಓಟ ಐದು ನಾಟ್, ಅಂದರೆ ಗಂಟೆಗೆ ಐದು ನಾಟಿಕಲ್ ಮೈಲು, ಒಂಬತ್ತು ಕಿಲೋಮೀಟರ್ ಚಿಲ್ಲರೆ, ಸೈಕಲ್ಲಿಗೂ ಕಡಿಮೆ. ಲೆಕ್ಕ ಹಾಕಿದರೆ ಐವತ್ತೆರಡು ಗಂಟೆ. ಬೆಳಗಿನ ಆರಕ್ಕೆ ಹೊರಟರೆ ಮೂರನೇ ದಿನ ಹತ್ತು ಗಂಟೆ ಸುಮಾರಿಗೆ ತಲುಪಬೇಕು. ಈ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಿದ್ದು: ಹವಳದ ದ್ವೀಪಕ್ಕೆ ಸೂರ್ಯ ಮೇಲಿದ್ದಾಗಲೇ ತಲುಪಬೇಕು, ಆದ್ದರಿಂದ ಹೊರಡುವುದು ಬೆಳಗಿನ ಜಾವ. ಕಾರಣ ಮುಂದೆ ಬರುತ್ತದೆ.

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಹೊನ್ನಾವರದಲ್ಲಿದ್ದು, ಆಮೇಲೆ ಕಲ್ಲಿಕೋಟೆಯಿಂದ ಹಡಗು ಹತ್ತಿ ಹತ್ತು ದಿನಕ್ಕೆ ಮಾಲ್ಡೀವ್ಸ್ ತಲುಪಿದೆ ಎಂದು ಬರೆದುಕೊಂಡಿದ್ದಾನೆ. ಅಲ್ಲಿ ಕಾಜಿಯೂ ಆದ. ಮೇಸ್ತ್ರಿಗೆ ಅಂಥ ಹುದ್ದೆ ಯಾರೂ ಕೊಡಲಿಲ್ಲ ಅನ್ನುವುದು ಬೇರೆ ಮಾತು.

ಹೋಗುವ ಕಾಲ ಜನವರಿ, ಫೆಬ್ರುವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ಎದುರಿಗೇ ಬೀಸುತ್ತದೆ. ಆ ಕಾಲದಲ್ಲಿ ಸಣ್ಣ ದೋಣಿ ಹೊರಗೆ ತೆಗೆಯುವುದೇ ತಪ್ಪು. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ, ಅಂದರೆ ನಮ್ಮ ಬೆನ್ನ ಹಿಂದಿನಿಂದ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿ, ಉಬ್ಬಲೆ ಎಲ್ಲದರ ಮುನ್ಸೂಚನೆ ಕೊಡುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆ ಇನ್ನೊಂದು. ಎರಡೂ ಒಂದೇ ಮಾತು ಹೇಳುವವರೆಗೆ ಕ್ಯಾಪ್ಟನ್ ಕದಲಲಿಲ್ಲ. ನಾನು ಅಂಗಡಿ ಬಿಟ್ಟು ಬಂದವನು, ದಿನ ಎಣಿಸುತ್ತಿದ್ದೆ. ಅವರು ಮರೀನಾದಲ್ಲಿ ಕೂತು ಪದಬಂಧ ಬಿಡಿಸುತ್ತಿದ್ದರು.

ಈಗ ನನ್ನ ಕಸುಬಿಗೆ ಬರುತ್ತೇನೆ. ಹಾಯಿದೋಣಿಗೆ ಇಂಜಿನ್ ಯಾಕೆ ಅಂತ ಕೇಳುವವರಿದ್ದಾರೆ. ಬಂದರಿನಿಂದ ಹೊರಬರಲು, ಗಾಳಿ ಬಿದ್ದಾಗ, ಹಡಗಿನ ದಾರಿಯಿಂದ ಬೇಗ ಸರಿಯಲು, ಹವಳದ ನಡುವೆ ನಿಧಾನ ನುಸುಳಲು. ಎಲ್ಲವೂ ನೆಲದ ಹತ್ತಿರದ ಕೆಲಸಗಳು. ನಡುಗಡಲಲ್ಲಿ ಇಂಜಿನ್ ಕೈಕೊಟ್ಟರೆ ಹಾಯಿ ಇದೆ, ಬೇಕಾದಷ್ಟು ಜಾಗವೂ ಇದೆ. ಬಂಡೆಯಿಂದ ನೂರು ಮೀಟರ್ ದೂರದಲ್ಲಿ ಕೈಕೊಟ್ಟರೆ ಎರಡೂ ಇಲ್ಲ. ಹಾಳು ಇಂಜಿನ್ನು ಕೈಕೊಡುವುದೂ ಅಲ್ಲೇ, ಅದಕ್ಕೆ ಕಾರಣವಿದೆ. ದೋಣಿ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿರುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವದ ಗಾಳಿ ಹನಿಗಟ್ಟಿ ನೀರಾಗಿ ತಳ ಸೇರುತ್ತದೆ. ಆ ನೀರು ಡೀಸೆಲ್ಲಿಗೆ ತಾಗುವ ಗೆರೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ದೋಣಿ ನಿಂತಿರುವಷ್ಟು ದಿನ ಅದರಿಂದ ತೊಂದರೆಯಿಲ್ಲ. ಅಲೆ ಕುಲುಕಿದಾಗ ಲೋಳೆ ಎದ್ದು ಫಿಲ್ಟರಿಗೆ ಬಂದು ಕಟ್ಟಿಕೊಳ್ಳುತ್ತದೆ, ಇಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಅಲೆ ಕುಲುಕುವ ಹೊತ್ತೇ ಇಂಜಿನ್ ಬೇಕಾಗುವ ಹೊತ್ತು.

ಹಾಗಾಗಿ ಟ್ಯಾಂಕಿನ ಮುಚ್ಚಳ ಬಿಚ್ಚಿ, ಇದ್ದ ಡೀಸೆಲ್ಲನ್ನೆಲ್ಲ ಹೊರಗೆ ತೆಗೆದು, ಕೈ ಹಾಕಿ ತಳ ಬಳಿದೆ. ಬಂದದ್ದನ್ನು ಬಕೆಟ್ಟಿನಲ್ಲಿಟ್ಟು ತೋರಿಸಿದಾಗ ಕ್ಯಾಪ್ಟನ್ ಮಾತಾಡಲಿಲ್ಲ, ಹೋಗಿ ಚಹಾ ಮಾಡಿಕೊಂಡು ಬಂದರು. ಒಂದು ಫಿಲ್ಟರ್ ಇದ್ದ ಕಡೆ ಎರಡು ಕೂರಿಸಿ ನಡುವೆ ಕಾಕ್ ಇಟ್ಟೆ. ಒಂದು ಕಟ್ಟಿದರೆ ಇಂಜಿನ್ ನಿಲ್ಲಿಸದೆ ಇನ್ನೊಂದಕ್ಕೆ ತಿರುಗಿಸಬಹುದು. ಜೊತೆಗೆ ಒಂದು ವ್ಯಾಕ್ಯೂಮ್ ಗೇಜ್. ಫಿಲ್ಟರ್ ಕಟ್ಟುತ್ತಾ ಬಂದಂತೆ ಮುಳ್ಳು ಏರುವುದರಿಂದ ನಿಲ್ಲುವ ಮೊದಲೇ ಗೊತ್ತಾಗುತ್ತದೆ. ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಏರ್ ತೆಗೆಯುವುದನ್ನು ಇನ್ನಿಬ್ಬರಿಗೂ ಕಲಿಸಿದೆ. ಹುಡುಗ ಒಂದೇ ಸಲಕ್ಕೆ ಕಲಿತ. ಕ್ಯಾಪ್ಟನ್‌ರಿಂದ ಅವರ ಕಣ್ಣು ಕಟ್ಟಿ ಮಾಡಿಸಿದೆ, ಯಾಕೆಂದರೆ ರಾತ್ರಿ ಆ ಮೂಲೆಯಲ್ಲಿ ಟಾರ್ಚ್ ಹಿಡಿಯಲು ಮೂರನೇ ಕೈ ಇರುವುದಿಲ್ಲ.

ಟ್ರ್ಯಾಕ್ಟರ್ ಮೇಸ್ತ್ರಿಗಳಿಗೆ ಗೊತ್ತಿರದ ಒಂದು ವಿಷಯ ಇಲ್ಲಿದೆ. ದೋಣಿಯ ಇಂಜಿನ್ನಿಗೆ ರೇಡಿಯೇಟರ್ ಇಲ್ಲ. ಕಡಲ ನೀರನ್ನೇ ಎಳೆದು, ಹೀಟ್ ಎಕ್ಸ್‌ಚೇಂಜರ್ ಮೂಲಕ ಹಾಯಿಸಿ, ಸೈಲೆನ್ಸರ್ ಪೈಪಿಗೇ ಸುರಿದು ಹೊಗೆಯ ಜೊತೆ ಹೊರಗೆ ಹಾಕುತ್ತದೆ. ಎಳೆಯುವುದು ರಬ್ಬರ್ ರೆಕ್ಕೆಯ ಇಂಪೆಲ್ಲರ್. ಒಣಗಿ ತಿರುಗಿದರೆ ನಿಮಿಷಗಳಲ್ಲಿ ರೆಕ್ಕೆ ಹರಿದುಹೋಗುತ್ತದೆ, ಚೂರುಗಳು ಮುಂದಿನ ಪೈಪಿನಲ್ಲಿ ಸಿಕ್ಕಿಕೊಳ್ಳುತ್ತವೆ. ಇನ್ನೊಂದು ಅಪಾಯ ಸ್ಟಾರ್ಟ್ ಆಗದ ಇಂಜಿನ್ನನ್ನು ಕರಕರ ಅಂತ ತಿರುಗಿಸುತ್ತಲೇ ಇರುವುದು. ಹೊಗೆಯ ಒತ್ತಡ ಇಲ್ಲದ್ದರಿಂದ ನೀರು ಹೊರಗೆ ಹೋಗದೆ ಸೈಲೆನ್ಸರ್‌ನಲ್ಲೇ ತುಂಬಿ, ಹಿಂದಕ್ಕೆ ಏರಿ ಸಿಲಿಂಡರ್ ಸೇರುತ್ತದೆ. ಉಪ್ಪುನೀರು ಕುಡಿದ ಇಂಜಿನ್ ಮುಗಿದ ಹಾಗೆ. ಸ್ಟಾರ್ಟ್ ಆಗದಿದ್ದರೆ ಮೊದಲು ಕಡಲ ನೀರು ಒಳಬರುವ ಕವಾಟ, ಅಂದರೆ ಸೀಕಾಕ್, ಮುಚ್ಚಿ, ಆಮೇಲೆ ತಿರುಗಿಸಿ, ಹತ್ತಿಕೊಂಡ ಕೂಡಲೇ ತೆರೆಯಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಕೀ ಪಕ್ಕದಲ್ಲೇ ಅಂಟಿಸಿದೆ. ದೋಣಿ ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ಶಾಫ್ಟ್ ಹೊರಬರುವ ಕಡೆ ನೀರು ತಡೆಯುವ ಗ್ಲ್ಯಾಂಡ್ ಡೋರಿ ಬದಲಾಯಿಸಿದ್ದು ಮಾತ್ರ ನಮ್ಮೂರಿನ ನೀರೆತ್ತುವ ಪಂಪಿನ ಕೆಲಸವೇ. ಪೂರ್ತಿ ಬಿಗಿ ಮಾಡಬಾರದು, ಹನಿ ಹನಿ ತೊಟ್ಟಿಕ್ಕುತ್ತಿರಬೇಕು.

ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಟ್ಯಾಂಕರ್ ಬರುವ ದಿನ ಗುರುತಿಟ್ಟುಕೊಂಡು ಬೆಳೆದವರು ನಾವು. ತಲೆಗೆ ದಿನಕ್ಕೆ ನಾಲ್ಕು ಲೀಟರ್, ಕುಡಿಯಲು ಮತ್ತು ಅಡುಗೆಗೆ. ಮೂರು ದಿನದ ದಾರಿಗೆ ಹತ್ತು ದಿನದ ನೀರು: ಮೂವರಿಗೆ 120 ಲೀಟರ್. ಅದೂ ದೋಣಿಯ ಟ್ಯಾಂಕಿನ ನೀರನ್ನು ಲೆಕ್ಕಕ್ಕೆ ಹಿಡಿಯದೆ, ಬೇರೆ ಬೇರೆ ಕ್ಯಾನುಗಳಲ್ಲಿ. ಒಂದೇ ಟ್ಯಾಂಕಿನಲ್ಲಿಟ್ಟು ಅದು ಸೋರಿದರೆ, ಉಪ್ಪು ಸೇರಿದರೆ ಎಲ್ಲವೂ ಹೋಯಿತು. ಪಾತ್ರೆ ತೊಳೆಯುವುದು, ಮೈ ತೊಳೆಯುವುದು ಕಡಲ ನೀರಲ್ಲಿ. ವೈಪಿನ್ ಹುಡುಗ ಮನೆಯ ಸುತ್ತ ನೀರು ಕಂಡೇ ಬೆಳೆದವನು. ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುತ್ತಿದ್ದ. ನಾನು ಹೋಗಿ ಮುಚ್ಚುತ್ತಿದ್ದೆ. "ಚೇಟ್ಟಾ, ಕಡಲಲ್ಲಿದ್ದೀವಿ" ಅಂತ ನಗುತ್ತಿದ್ದ.

ಊಟಕ್ಕೆ ಇಲ್ಲಿಂದಲೇ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ದೊಡ್ಡ ಡಬ್ಬ ಮಂಡಕ್ಕಿ ಕಟ್ಟಿಕೊಂಡು ಹೋಗಿದ್ದೆ. ಕ್ಯಾಪ್ಟನ್ ಮೊದಲು ಮುಖ ಸಿಂಡರಿಸಿದರು. ಕಡಲ ಕಾಯಿಲೆ ಹಿಡಿದಾಗ ಹೊಟ್ಟೆ ಒಪ್ಪುವುದು ಒಣ, ಉಪ್ಪಿನ, ಎಣ್ಣೆಯಿಲ್ಲದ ತಿಂಡಿ. ಮಂಡಕ್ಕಿಗಿಂತ ಅದಕ್ಕೆ ಹೊಂದುವುದು ಇನ್ನೊಂದಿಲ್ಲ. ಎರಡನೇ ದಿನ ಡಬ್ಬ ಅವರ ಕಾಲ ಹತ್ತಿರವೇ ಇತ್ತು. ತೇವಕ್ಕೆ ಬಾಡದಂತೆ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಬಿಗಿ ಕಟ್ಟಬೇಕು, ಅಷ್ಟೇ.

ಕಾಗದಪತ್ರ ಬೇಸರದ ವಿಷಯ, ಬೇಗ ಮುಗಿಸುತ್ತೇನೆ. ದೋಣಿಯ ನೋಂದಣಿ, ವಿಮೆ, ಎಲ್ಲರ ಪಾಸ್‌ಪೋರ್ಟ್, ಹಲವು ಪ್ರತಿ ಕ್ರೂ ಲಿಸ್ಟ್. ಹೊರಡುವ ಮುನ್ನ ಕಸ್ಟಮ್ಸ್, ಬಂದರು, ಇಮಿಗ್ರೇಷನ್ ಮೂರೂ ಕಡೆ ಮುದ್ರೆ. ಪೋರ್ಟ್ ಕ್ಲಿಯರೆನ್ಸ್ ಅನ್ನುವ ಹಾಳೆ ಇಲ್ಲದೆ ಮುಂದಿನ ದೇಶ ಒಳಗೆ ಬಿಡುವುದಿಲ್ಲ. ಏಜೆಂಟ್ ಒಬ್ಬರನ್ನು ಹಿಡಿದುಕೊಳ್ಳುವುದು ಒಳ್ಳೆಯದು. ಭಾರತೀಯ ಪ್ರವಾಸಿಗಳಿಗೆ ಮಾಲ್ಡೀವ್ಸ್ 90 ದಿನ ಉಚಿತ ವೀಸಾ ಕೊಡುತ್ತದೆ, ಆ ಚಿಂತೆ ಇರಲಿಲ್ಲ.

ಒಂದು ವಿಷಯ ಮಾತ್ರ ಬಿಡಿಸಿ ಹೇಳಬೇಕು: ಸ್ಯಾಟಲೈಟ್ ಫೋನ್. ವಿದೇಶದ ಹಾಯಿಗಾರರ ಬರಹ ಓದಿದವರು ಮೊದಲು ಅದನ್ನೇ ಕೊಳ್ಳಲು ಹೊರಡುತ್ತಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ತುರಾಯಾ, ಇರಿಡಿಯಂ ಫೋನ್ ಇಟ್ಟುಕೊಳ್ಳುವುದು ಅಪರಾಧ. ಗೊತ್ತಿಲ್ಲದೆ ತಂದ ಪ್ರವಾಸಿಗಳು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಿದ್ದಾರೆ. ನಮ್ಮ ಹತ್ತಿರ ಇದ್ದದ್ದು ವಿಎಚ್‌ಎಫ್ ರೇಡಿಯೋ, ಸುತ್ತಲಿನ ಹಡಗುಗಳ ಹೆಸರು, ಜಾಗ, ಓಟ ಪರದೆಯಲ್ಲಿ ತೋರಿಸುವ ಎಐಎಸ್, ಮತ್ತು ಇಪಿಆರ್‌ಬಿ ಅನ್ನುವ ಆಪತ್ತಿನ ಬೀಕನ್. ಈ ಬೀಕನ್ ನೀರಿಗೆ ಬಿದ್ದರೆ ಅಥವಾ ಗುಂಡಿ ಒತ್ತಿದರೆ 406 ಮೆಗಾಹರ್ಟ್ಜ್‌ನಲ್ಲಿ ಉಪಗ್ರಹಕ್ಕೆ ಕೂಗು ಹಾಕುತ್ತದೆ. ಆ ಕೂಗು ಬಂದು ಸೇರುವ ಭಾರತದ ಕೇಂದ್ರ ಎಲ್ಲಿದೆ ಗೊತ್ತೇ? ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್‌ನಲ್ಲಿ. ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ಸುದ್ದಿ ಹೋಗುತ್ತದೆ. ಬೀಕನ್ನನ್ನು ಅಲ್ಲೇ ನೋಂದಾಯಿಸಬೇಕು. ದೋಣಿಯ ವಿವರ, ದಡದಲ್ಲಿರುವ ಇಬ್ಬರ ಫೋನ್ ನಂಬರ್ ಸಮೇತ. ಅದರಲ್ಲೊಂದು ನಂಬರ್ ನನ್ನ ಹೆಂಡತಿಯದು. "ಬೆಂಗಳೂರಿಂದ ಫೋನ್ ಬಂದ್ರೆ ಮಾತ್ರ ಗಾಬರಿ ಆಗು, ಇಲ್ಲಾಂದ್ರೆ ನಾನು ಚೆನ್ನಾಗಿದೀನಿ ಅಂತ ತಿಳ್ಕೋ" ಅಂದಿದ್ದೆ. ಬಂದ ಒಂದೊಂದು ಸಾಲದ ಕರೆಗೂ ಅವಳು ಬೆಚ್ಚಿದ್ದಳಂತೆ. 2018ರಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಕೂವೆಮರ ಮುರಿದು ಬೆನ್ನಿಗೆ ಪೆಟ್ಟು ಬಿದ್ದು ಮಲಗಿದ್ದ ನಮ್ಮ ನೌಕಾಪಡೆಯ ಹಾಯಿಗಾರ ಅಭಿಲಾಷ್ ಟಾಮಿಯವರನ್ನು ಫ್ರೆಂಚ್ ಹಡಗೊಂದು ಹೋಗಿ ಎತ್ತಿಕೊಂಡಿತಲ್ಲ, ಅವರ ದೋಣಿಯಿಂದ ಹೊರಟದ್ದೂ ಇಂಥ ಬೀಕನ್ ಕೂಗೇ.

ಹೊರಟದ್ದು ಬೆಳಕು ಹರಿಯುವ ಮುಂಚೆ, ಇಳಿತದ ಜೊತೆಗೆ. ಎಡಕ್ಕೆ ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು, ಬಲಕ್ಕೆ ವೈಪಿನ್. ಬಂದರಿನ ಬಾಯಿ ದಾಟಿದ ಮೇಲೆ ಶುರುವಾಯಿತು ನೋಡಿ. ಎತ್ತ ನೋಡಿದರತ್ತ ಮೀನುದೋಣಿ. ಹಲವಕ್ಕೆ ಎಐಎಸ್ ಇಲ್ಲ, ಪರದೆಯಲ್ಲಿ ಕಾಣುವುದಿಲ್ಲ. ದೋಣಿಗಿಂತ ಕಷ್ಟ ಬಲೆಯದು: ಒಂದು ತುದಿಗೆ ದೋಣಿ, ಇನ್ನೊಂದು ತುದಿಗೆ ಎಲ್ಲೋ ದೂರದಲ್ಲಿ ಥರ್ಮಾಕೋಲ್ ತುಂಡಿಗೆ ಸಿಕ್ಕಿಸಿದ ಕೋಲು. ನಡುವೆ ನೀರೊಳಗೆ ಬಲೆ. ಅದು ಫ್ಯಾನಿಗೆ ಸುತ್ತಿದರೆ ಯಾರಾದರೂ ಚಾಕು ಹಿಡಿದು ಕೆಳಗೆ ಮುಳುಗಬೇಕು. ಇಲ್ಲಿ ನಮ್ಮನ್ನು ಕಾಪಾಡಿದ್ದು ಹುಡುಗ. ಮುಂಭಾಗದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದ. ಯಾವ ದೋಣಿಯ ಬಲೆ ಯಾವ ಕಡೆ ಬಿದ್ದಿದೆ ಅಂತ ಅದು ನಿಂತ ಓರೆ ನೋಡಿಯೇ ಹೇಳುತ್ತಿದ್ದ. ಕೆಲವರು ಅವನ ಹೆಸರು ಹಿಡಿದೇ ಕೂಗಿದರು. ಈಗ ಹೋಗುವವರಿಗೆ ಇನ್ನೊಂದು ಎಚ್ಚರಿಕೆ: 2025ರ ಮೇ ತಿಂಗಳಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿಯ ಹೊರಗೆ ನೂರಾರು ಕಂಟೇನರ್ ಸಮೇತ ಮುಳುಗಿತು. ಹೊರಡುವ ಮೊದಲು ಆ ಜಾಗದ ಸೂಚನೆಗಳನ್ನು ಕೇಳಿ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.

ಸಂಜೆ ಗಾಳಿ ಬಿತ್ತು. ಹಗಲಿನ ಕಡಲಗಾಳಿ ನಿಂತು ಬೇರೆ ಗಾಳಿ ಎದ್ದೇಳುವ ನಡುವಿನ ಹೊತ್ತು ಅದು. ಇಂಜಿನ್ ಹಾಕಿದೆವು. ಸ್ವಲ್ಪ ಹೊತ್ತಿಗೇ ಅದರ ಸದ್ದು ಬದಲಾಯಿತು. ಮಿಕ್ಕಿಬ್ಬರಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಹಿಂದೆ ಹೋಗಿ ಬಗ್ಗಿ ನೋಡಿದರೆ ಸೈಲೆನ್ಸರ್‌ನಿಂದ ನೀರಿಲ್ಲ, ಬರೀ ಹೊಗೆ. ಆಫ್ ಮಾಡಿಸಿದೆ. ಇಂಪೆಲ್ಲರ್ ಬಿಚ್ಚಿದೆ, ರೆಕ್ಕೆಗಳು ಸರಿ ಇದ್ದವು. ಅಂದರೆ ನೀರೇ ಒಳಗೆ ಬರುತ್ತಿಲ್ಲ. ಸೀಕಾಕ್ ಮುಚ್ಚಿ, ಹೋಸ್ ಕಳಚಿ, ರಬ್ಬರ್ ದೋಣಿಗೆ ಗಾಳಿ ಹೊಡೆಯುವ ಕಾಲುಪಂಪಿನ ಪೈಪು ಸಿಕ್ಕಿಸಿ, ಸೀಕಾಕ್ ತೆರೆದು ಜೋರಾಗಿ ತುಳಿಯಲು ಹುಡುಗನಿಗೆ ಹೇಳಿದೆ. ದೋಣಿ ಅಡಿಯಿಂದ ಬುಳಕ್ ಅಂದು ಗುಳ್ಳೆ ಎದ್ದಿತು, ಜೊತೆಗೆ ಒಂದು ಪ್ಲಾಸ್ಟಿಕ್ ಚೀಲ ಹಿಂದೆ ತೇಲಿತು. ಯಾವುದೋ ಬಟ್ಟೆ ಅಂಗಡಿಯದು. ಹೊಸ ಇಂಪೆಲ್ಲರ್ ಹಾಕಿಯೇ ಮುಚ್ಚಿದೆ. ಒಣಗಿ ತಿರುಗಿದ್ದನ್ನು ನಂಬಿ ರಾತ್ರಿ ಕಳೆಯುವ ಅಗತ್ಯವಿರಲಿಲ್ಲ. ಇದೂ ದಡದ್ದೇ ಕಾಟ. ನೂರು ಮೈಲು ದಾಟಿದ ಮೇಲೆ ಚೀಲ ಕಂಡ ನೆನಪಿಲ್ಲ.

ಮೊದಲ ರಾತ್ರಿ ನಾನು ವಾಂತಿ ಮಾಡಿಕೊಂಡದ್ದನ್ನು ಮುಚ್ಚಿಡುವುದಿಲ್ಲ. ಬಗ್ಗಿ ಇಂಜಿನ್ ಕೆಲಸ, ಮೂಗಿಗೆ ಡೀಸೆಲ್ ವಾಸನೆ, ಮಲಗಿದ ಕೋಣೆಯ ಓಲಾಟ. ಕಣ್ಣು ನಿಂತಿದ್ದೀಯ ಅನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಅಲುಗಾಡುತ್ತಿದ್ದೀಯ ಅನ್ನುತ್ತದೆ. ಆ ಜಗಳಕ್ಕೆ ಹೊಟ್ಟೆ ಬಲಿ. ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಹೊರಡುವ ಹಿಂದಿನ ರಾತ್ರಿಯಿಂದಲೇ ಡಾಕ್ಟರ್ ಹೇಳಿದಂತೆ ತೆಗೆದುಕೊಳ್ಳಬೇಕು. ಬಸ್ಸಿಗೆ ನುಂಗುವ ಅವೋಮಿನ್ ಮಂಪರು ತರುತ್ತದೆ, ಕಾವಲಿನವನಿಗೆ ಆಗಿಬರುವುದಿಲ್ಲ. ಹೊರಗೆ ಕೂತು ದೂರದ ಗೆರೆ ನೋಡುವುದು, ಸಾಧ್ಯವಾದರೆ ಚುಕ್ಕಾಣಿ ಹಿಡಿಯುವುದು. ನನಗೆ ಕೊನೆಗೆ ಕೆಲಸಕ್ಕೆ ಬಂದದ್ದು ಅದು.

ಕಾವಲು ಮೂರು ಗಂಟೆ, ನಿದ್ದೆ ಆರು ಗಂಟೆ, ಸರದಿ ಪ್ರಕಾರ. ಸರದಿ ಮುರಿಯಲು ಕ್ಯಾಪ್ಟನ್ ಬಿಡುತ್ತಿರಲಿಲ್ಲ. "ಅಯ್ಯೋ, ಮಲಗಲಿ ಬಿಡಿ ಪಾಪ" ಅಂತ ಇನ್ನೊಬ್ಬನ ಸರದಿ ನಾನೇ ಕಳೆಯುತ್ತೇನೆ ಅಂದರೆ ಬೈಗುಳ. ನಿದ್ದೆಗೆಟ್ಟವನು ತನಗೆ ತಪ್ಪಿಲ್ಲದೆ ಕೆಲಸ ಆಗುತ್ತಿದೆ ಅಂದುಕೊಂಡೇ ತಪ್ಪು ಮಾಡುತ್ತಾನೆ. ಕತ್ತಲಾದ ಮೇಲೆ ಮೈಗೆ ಕಟ್ಟಿದ ಹಾರ್ನೆಸ್‌ನ ಕೊಂಡಿ ದೋಣಿಗೆ ಸಿಕ್ಕಿಸದೆ ಯಾರೂ ಮೆಟ್ಟಿಲು ಹತ್ತುವಂತಿಲ್ಲ, ಇನ್ನೊಬ್ಬರನ್ನು ಎಬ್ಬಿಸದೆ ಡೆಕ್ ಮುಂಭಾಗಕ್ಕೆ ಹೋಗುವಂತಿಲ್ಲ. ಐದು ನಾಟ್ ಅಂದರೆ ನಿಮಿಷಕ್ಕೆ 150 ಮೀಟರ್. ರಾತ್ರಿ ಬಿದ್ದವನ ತಲೆ ಅಲೆಗಳ ನಡುವೆ ಅಷ್ಟು ದೂರದಲ್ಲಿ ಕಾಣುವುದಿಲ್ಲ. ಅದಕ್ಕೇ "ನಿಂಗೆ ಈಜು ಬರುತ್ತಾ?" ಅನ್ನುವ ಪ್ರಶ್ನೆಗೆ ಅಲ್ಲಿ ಅಷ್ಟು ಬೆಲೆಯಿಲ್ಲ. ನನಗೆ ಬರುತ್ತದೆ, ಹಳ್ಳಿಯ ಬಾವಿಯಲ್ಲಿ ಕಲಿತದ್ದು. ದೋಣಿಯಿಂದ ಬೀಳದಿರುವುದೇ ಅಲ್ಲಿನ ಈಜು.

ಎರಡನೇ ದಿನವೇ ಎಲ್ಲರೂ ಕೇಳುವ ಆ ನಡುಗಡಲು. ಡೆಪ್ತ್ ಮೀಟರ್ ಸಂಖ್ಯೆ ತೋರಿಸುವುದನ್ನು ಯಾವಾಗಲೋ ಬಿಟ್ಟಿತ್ತು. ಗಾಳಿ ಈಶಾನ್ಯದಿಂದ ಹನ್ನೆರಡು ನಾಟ್ ಆಸುಪಾಸು. ಹೇಳಲು ಹೆಚ್ಚೇನಿಲ್ಲ, ಅದೇ ಸುಖ. ಒಂದು ಜಾಣತನ ಮಾತ್ರ ಬರೆಯುತ್ತೇನೆ, ಕ್ಯಾಪ್ಟನ್‌ರದ್ದು. ನಮ್ಮ ದಾರಿ ನೈಋತ್ಯಕ್ಕೆ, ಗಾಳಿ ನೇರ ಹಿಂದಿನಿಂದ. ನೇರ ಹಿಂದಿನ ಗಾಳಿ ಹಾಯಿದೋಣಿಗೆ ಒಳ್ಳೆಯದಲ್ಲ. ದೋಣಿ ತೊಟ್ಟಿಲಾಡುತ್ತದೆ, ಹಾಯಿಯ ಅಡಿಯ ಅಡ್ಡಕೋಲು, ಅಂದರೆ ಬೂಮ್, ಈ ಕಡೆಯಿಂದ ಆ ಕಡೆಗೆ ಹಠಾತ್ತನೆ ಬೀಸಿ ತಲೆ ಒಡೆಯಬಹುದು. ಅವರು ದೋಣಿಯ ಮೂತಿಯನ್ನು ಬೇಕಾದ್ದಕ್ಕಿಂತ ದಕ್ಷಿಣಕ್ಕೆ ತಿರುಗಿಸಿದರು. ಗಾಳಿ ಎಡ ಹಿಂಬದಿಗೆ ಸಿಕ್ಕಿತು, ಓಲಾಟ ನಿಂತಿತು, ಓಟ ಹೆಚ್ಚಿತು. ಹಾಗಾದರೆ ದಾರಿ ತಪ್ಪುವುದಿಲ್ಲವೇ? ಚಳಿಗಾಲದಲ್ಲಿ ಆ ಭಾಗದ ಸಮುದ್ರಪ್ರವಾಹ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ನಾವು ದಕ್ಷಿಣಕ್ಕೆ ನೋಡುತ್ತಾ ಹೋದರೂ ನೀರು ನಮ್ಮನ್ನು ಪಶ್ಚಿಮಕ್ಕೆ ತಳ್ಳುತ್ತಾ ಬಂತು. ಜಿಪಿಎಸ್‌ನಲ್ಲಿ ನೋಡಿದರೆ ಗೆರೆಯ ಮೇಲೇ ಇದ್ದೆವು. ಬೂಮಿಗೆ ಮುಂದಿನಿಂದ ಹಗ್ಗ ಕಟ್ಟಿ ಬಿಗಿದದ್ದು ಬೇರೆ.

ಎರಡನೇ ರಾತ್ರಿ ಏಟ್ ಡಿಗ್ರಿ ಚಾನೆಲ್ ಬಂತು. ಒಂದು ಕಡೆ ಮಿನಿಕಾಯ್, ಇನ್ನೊಂದು ಕಡೆ ಮಾಲ್ಡೀವ್ಸ್, ನಡುವಿನ ಕಡಲೇ ಚಾನೆಲ್. ಅಷ್ಟು ದೊಡ್ಡ ಕಡಲಲ್ಲಿ ಹಡಗುಗಳು ಒಂದೆಡೆ ಗುಂಪಾಗುವುದು ನೆಲದ ದೆಸೆಯಿಂದಲೇ: ಅರಬ್ಬೀ ಸಮುದ್ರದಿಂದ ಶ್ರೀಲಂಕಾದ ಕೆಳಗೆ ಹಾದು ಪೂರ್ವಕ್ಕೆ ಹೋಗುವವು, ಅತ್ತಲಿಂದ ಬರುವವು, ದ್ವೀಪಗಳ ನಡುವಿನ ಈ ಸಂದುಗಳಲ್ಲೇ ನುಸುಳಬೇಕು. ಮಿನಿಕಾಯ್‌ನ ಉತ್ತರಕ್ಕೆ ನೈನ್ ಡಿಗ್ರಿ ಚಾನೆಲ್ ಇನ್ನೊಂದು. ನಾವು ಅವುಗಳ ಸಾಲಿಗೆ ಅಡ್ಡ. ನಿಯಮ ಪುಸ್ತಕದ ಪ್ರಕಾರ ಹಾಯಿದೋಣಿಗೆ ಇಂಜಿನ್ ಹಡಗು ದಾರಿ ಬಿಡಬೇಕು. ಮುನ್ನೂರು ಮೀಟರ್ ಉದ್ದದ ಹಡಗಿಗೆ ನಾವು ಕಂಡಿದ್ದೇವೋ ಇಲ್ಲವೋ ಅನ್ನುವುದು ಪುಸ್ತಕದಲ್ಲಿಲ್ಲ. ಹದಿನೆಂಟು ನಾಟ್ ಓಡುವ ಹಡಗಿನ ದೀಪ ಆರು ಮೈಲು ಆಚೆ ಕಂಡರೆ, ಅದು ನಮ್ಮ ಮೇಲಿರಲು ಇಪ್ಪತ್ತು ನಿಮಿಷ ಸಾಕು. ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಎದ್ದು ಸುತ್ತ ಒಂದು ಸುತ್ತು ನೋಡುವುದು, ಎಐಎಸ್‌ನಲ್ಲಿ ಪ್ರತಿ ಹಡಗು ಎಷ್ಟು ಹತ್ತಿರ, ಎಷ್ಟು ಹೊತ್ತಿಗೆ ಹಾಯುತ್ತದೆ ಅಂತ ಓದುವುದು.

ನನ್ನ ಸರದಿಯಲ್ಲಿ ಒಂದು ಟ್ಯಾಂಕರ್ ಕಾಲು ಮೈಲು ಹತ್ತಿರ ಹಾಯುತ್ತದೆ ಅಂತ ತೋರಿಸಿತು. ಅದರ ಕೆಂಪು ದೀಪವೂ ಕಾಣುತ್ತಿತ್ತು, ಹಸಿರು ದೀಪವೂ ಕಾಣುತ್ತಿತ್ತು. ಎರಡೂ ಒಟ್ಟಿಗೆ ಕಂಡರೆ ಮೂತಿ ನಮ್ಮ ಕಡೆಗೇ ಇದೆ ಎಂದರ್ಥ. ಕ್ಯಾಪ್ಟನ್‌ರನ್ನು ಎಬ್ಬಿಸಿದೆ. ಅವರು ರೇಡಿಯೋದ ಚಾನೆಲ್ 16ರಲ್ಲಿ ಹಡಗಿನ ಹೆಸರು ಹಿಡಿದು ಕರೆದರು. ಆ ಕಡೆಯಿಂದ ನಿದ್ದೆಗಣ್ಣಿನ ದನಿಯೊಂದು ನೋಡಿದ್ದೇವೆ, ನಿಮ್ಮ ಹಿಂದಿನಿಂದ ಹಾಯುತ್ತೇವೆ ಅಂತು. ಹಸಿರು ಮರೆಯಾಗಿ ಬರೀ ಕೆಂಪು ಉಳಿಯುವವರೆಗೆ ನಾನು ಉಸಿರು ಬಿಡಲಿಲ್ಲ. ಕ್ಯಾಪ್ಟನ್ ಮಾತ್ರ, "ಇನ್ನು ಮೇಲೆ ಎರಡು ಮೈಲು ಅಂತ ತೋರಿಸಿದಾಗಲೇ ಎಬ್ಬಿಸಿ ಮೇಸ್ತ್ರೀ" ಅಂದು ಹೋಗಿ ಮಲಗಿಬಿಟ್ಟರು.

ಮೂರನೇ ಬೆಳಗು ನಕ್ಷೆಯಲ್ಲಿ ದ್ವೀಪ ಹತ್ತಿರ, ಕಣ್ಣಿಗೆ ಏನೂ ಇಲ್ಲ. ನಮ್ಮ ಚಿತ್ರದುರ್ಗದ ಗುಡ್ಡಗಳ ಅಭ್ಯಾಸದವರಿಗೆ ಇದು ವಿಚಿತ್ರ. ಮಾಲ್ಡೀವ್ಸ್‌ನಲ್ಲಿ 1,192 ದ್ವೀಪಗಳಂತೆ, ಇಡೀ ದೇಶದ ನೆಲದ ಸರಾಸರಿ ಎತ್ತರ ಸುಮಾರು ಒಂದೂವರೆ ಮೀಟರ್. ಕಾಣುವುದು ನೆಲವಲ್ಲ, ತೆಂಗಿನ ತಲೆಗಳು. ಅದೂ ಎಂಟು ಹತ್ತು ಮೈಲು ಹತ್ತಿರ ಹೋದ ಮೇಲೆ. ರಾತ್ರಿ ಬಂದಿದ್ದರೆ ಬಂಡೆಗೆ ಬಡಿಯುವ ಅಲೆಯ ಸದ್ದು ಕೇಳಿದ ಮೇಲೇ ಗೊತ್ತಾಗುತ್ತಿತ್ತು.

ಕೊನೆಯ ಎರಡು ಮೈಲು ಇಡೀ ದಾರಿಗಿಂತ ಉದ್ದ ಅನಿಸಿತು. ಹಾಯಿ ಇಳಿಸಿ, ಇಂಜಿನ್ ನಿಧಾನ ಮಾಡಿ, ಹುಡುಗನನ್ನು ಮುಂದೆ ನಿಲ್ಲಿಸಿದೆವು. ಅವನ ಕಣ್ಣಿಗೆ ಪೋಲರಾಯ್ಡ್ ಕನ್ನಡಕ, ನೀರಿನ ಹೊಳಪು ಕಳೆಯಲು. ಬಿಸಿಲು ಮೇಲಿನಿಂದ ಬಿದ್ದಾಗ ಬಣ್ಣ ಓದಬಹುದು: ಕಡುನೀಲಿ ಅಂದರೆ ಆಳ, ಹಸಿರು ಅಂದರೆ ಮರಳಿನ ಮೇಲಿನ ಕಡಿಮೆ ನೀರು, ಕಂದು ಅಂದರೆ ಹವಳ, ಅಲ್ಲಿಗೆ ಕೈಮುಗಿದು ತಿರುಗಬೇಕು. ಬಿಸಿಲು ಎದುರಿಗಿದ್ದರೆ, ಮೋಡವಿದ್ದರೆ ಎಲ್ಲವೂ ಒಂದೇ ಬೂದು. ಎಲೆಕ್ಟ್ರಾನಿಕ್ ನಕ್ಷೆ ಅಷ್ಟು ನಿಖರವಲ್ಲ, ಅಲ್ಲಿ ಕಣ್ಣೇ ನಕ್ಷೆ. ನೂರಾರು ಮೀಟರ್ ಆಳದಿಂದ ನೆಲ ಒಮ್ಮೆಲೇ ಗೋಡೆಯಂತೆ ಎದ್ದು ಬರುತ್ತದೆ. ಸತ್ತುಹೋಗಿದ್ದ ಡೆಪ್ತ್ ಮೀಟರಿಗೆ ಇದ್ದಕ್ಕಿದ್ದಂತೆ ಜೀವ ಬಂದು ಸಂಖ್ಯೆಗಳು ಇಳಿಯುತ್ತಾ ಹೋದವು. ನನ್ನ ಕಣ್ಣು ವ್ಯಾಕ್ಯೂಮ್ ಗೇಜಿನ ಮೇಲೆ, ಕಿವಿ ಸೈಲೆನ್ಸರಿನ ನೀರಿನ ಮೇಲೆ. ಬಕೆಟ್ಟಿನಲ್ಲಿ ಬಳಿದು ತೆಗೆದ ಲೋಳೆ ಈಗ ಫಿಲ್ಟರಿನಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯಾರೂ ಮಾತಾಡಲಿಲ್ಲ. ಮರಳಿನ ತೇಪೆ ನೋಡಿ ಲಂಗರು ಬಿಟ್ಟೆವು, ಹವಳದ ಮೇಲೆ ಬಿಟ್ಟರೆ ಹವಳವೂ ಹಾಳು, ಸರಪಳಿಯೂ ಸಿಕ್ಕಿಕೊಳ್ಳುತ್ತದೆ.

ಹಳದಿ ಬಾವುಟ ಏರಿಸಿದೆವು. ಪರದೇಶಕ್ಕೆ ಬಂದಿದ್ದೇವೆ, ತಪಾಸಣೆ ಆಗಬೇಕಿದೆ ಎನ್ನುವ ಗುರುತು. ಅದಿಳಿಯುವವರೆಗೆ ಯಾರೂ ದಡಕ್ಕೆ ಕಾಲಿಡುವಂತಿಲ್ಲ. ಅಧಿಕಾರಿಗಳೇ ದೋಣಿಗೆ ಬಂದರು, ಚಪ್ಪಲಿ ಕಳಚಿ ಒಳಗೆ ಬಂದು ಕೂತು ಕಾಗದ ನೋಡಿದರು. ಗಡಿಯಾರ ಅರ್ಧ ಗಂಟೆ ಹಿಂದಕ್ಕೆ. ಊರಿನಲ್ಲಿ ಕೆಲವು ನೂರು ಜನ, ಗುಡಿಸಿಟ್ಟ ಮರಳಿನ ಬೀದಿಗಳು. ಬಲದಿಂದ ಎಡಕ್ಕೆ ಬರೆಯುವ ತಾನಾ ಲಿಪಿಯ ಅಂಗಡಿ ಬೋರ್ಡುಗಳು. ಅಂಗಡಿಯವನಿಗೆ ಮಂಡಕ್ಕಿ ಕೊಟ್ಟೆ. ಒಣಮೀನಿನ ಪುಡಿ ಬೆರೆಸಿ ತಿಂದ. ದಾವಣಗೆರೆಯಲ್ಲಿ ಯಾರಿಗೂ ಹೇಳಬಾರದು.

ನಾನು ಅಲ್ಲಿಂದ ಮಾಲೆಗೆ ಹೋಗಿ ಬೆಂಗಳೂರಿಗೆ ವಿಮಾನದಲ್ಲಿ ಬಂದೆ. ಇದಕ್ಕೊಂದು ಕೆಲಸ ಮರೆಯಬಾರದು: ದೋಣಿಯಲ್ಲಿ ಬಂದವನ ಹೆಸರು ಕ್ರೂ ಲಿಸ್ಟ್‌ನಲ್ಲಿರುತ್ತದೆ, ಅದನ್ನು ಇಮಿಗ್ರೇಷನ್‌ನಲ್ಲಿ ತೆಗೆಸಿ, ಏಜೆಂಟರಿಂದ ಪತ್ರ ಪಡೆದೇ ಹೊರಡಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ನೀನು ಈ ದೇಶಕ್ಕೆ ಹೇಗೆ ಬಂದೆ ಅಂತ ಕೇಳುತ್ತಾರೆ, ದೋಣಿ ಆಗಲೇ ಮುಂದಿನ ದ್ವೀಪಕ್ಕೆ ಹೋಗಿರುತ್ತದೆ. ಹೋಗಬೇಕೆನ್ನುವ ನಮ್ಮ ಕಡೆಯ ಹುಡುಗರು ದೋಣಿ ಕೊಳ್ಳುವ ಕನಸು ಬಿಟ್ಟು ಮೊದಲು ಒಂದು ಕಸುಬು ಹಿಡಿದುಕೊಂಡು ಹೋಗಿ: ಡೀಸೆಲ್, ವೈರಿಂಗ್, ಫೈಬರ್ ಕೆಲಸ, ಕಡೆಗೆ ಅಡುಗೆ. ಹಾಯಿ ಎಳೆಯಲು ಬರುವವರು ಮರೀನಾದಲ್ಲಿ ಬೇಕಾದಷ್ಟು ಸಿಗುತ್ತಾರೆ, ಟ್ಯಾಂಕಿನೊಳಗೆ ಕೈ ಹಾಕುವವರು ಸಿಗುವುದಿಲ್ಲ.